ಆರು ವಾರ ಅಂದರೆ ಆರೇ ವಾರ

ಸಪ್ತಾಪುರ, ಧಾರವಾಡ

ಪ್ರೀತಿಯ ಮಗಳೇ,

ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ. ನಿನ್ನೆ ವಾಕರ್ ಹಿಡಿದು ಹಾಸಿಗೆಯಿಂದ ಅಡುಗೆಮನೆವರೆಗೆ ನಡೆದಳು. ಹನ್ನೊಂದು ಹೆಜ್ಜೆ. ಪಕ್ಕದಲ್ಲೇ ಎಣಿಸುತ್ತಿದ್ದೆ. ಬಚ್ಚಲಿಗೆ ಹೋಗಲು, ಸೀರೆ ಉಡಲು ಮಾತ್ರ ಇನ್ನೊಬ್ಬರು ಬೇಕೇ ಬೇಕು.

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ, ಅಲ್ವಾ? ಅಮ್ಮನ ಆರೈಕೆಗೆ ರಜೆ ಕೇಳಲು ಅಮೆರಿಕದ ಆಫೀಸಿಗೆ ಕೊಡುವ ಡಾಕ್ಟರ ಕಾಗದದಲ್ಲಿ ಆರರ ಬದಲು ಹತ್ತು ವಾರ ಅಂತ ಬರೆಸಪ್ಪಾ, ಗದಗಿನ ಮಾಮಾನ ಮನೆ ಮದುವೆ ಮುಗಿಸಿಯೇ ಹೋಗುತ್ತೇನೆ ಅಂತ. ಆಗ ನಾನು ಹೂಂ ಅಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬರೆಸುವುದಿಲ್ಲ, ಮಗಳೇ.

1998ರಲ್ಲಿ ನನ್ನ ಅವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ನಾನು ಹಾವೇರಿಯಲ್ಲಿ ನೌಕರಿಗಿದ್ದೆ. ಸಿ.ಎಲ್. ರಜೆ ಎಲ್ಲಾ ಮುಗಿದಿತ್ತು. ಅವ್ವನಿಗೆ ಹುಷಾರಿಲ್ಲ ಅಂದರೆ ಸಾಹೇಬರು ಒಪ್ಪಲಿಲ್ಲ. ನನಗೇ ಟೈಫಾಯಿಡ್ ಅಂತ ಬರೆದುಕೊಟ್ಟು ಬಂದೆ. ಒಂದು ಮಧ್ಯಾಹ್ನ ನಮ್ಮ ಆಫೀಸಿನವನೊಬ್ಬ ಆ ವಾರ್ಡಿಗೇ ಯಾರನ್ನೋ ನೋಡಲು ಬಂದ. ನನ್ನ ಕೈಯಲ್ಲಿ ಗಂಜಿ ಬಟ್ಟಲು. ಬಟ್ಟಲ ಸಮೇತ ಬಾಗಿಲ ಹಿಂದೆ ಸರಿದು ನಿಂತೆ. ಅವ್ವ ಬಾಯಿ ತೆರೆದುಕೊಂಡು ಮುಂದಿನ ಚಮಚಕ್ಕೆ ಕಾಯುತ್ತಿದ್ದಳು. ಅವನು ಹೋದ ಮೇಲೆ, "ಯಾರಿಗೆ ಅಂಜಿದಿ, ತಮ್ಮಾ?" ಅಂದಳು. ಅವ್ವನ ಸೇವೆಗೆ ಬಂದವನು ಕಳ್ಳನ ಹಾಗೆ ನಿಂತಿದ್ದೆ.

ನಿನಗೆ ಆ ಗತಿ ಇಲ್ಲ. ಅಮೆರಿಕದಲ್ಲಿ 1993ರಿಂದ ಕಾನೂನೇ ಇದೆ, ನೀನೇ ಬಿಡಿಸಿ ಹೇಳಿದ್ದೆ. ತಂದೆ, ತಾಯಿ, ಗಂಡ, ಮಕ್ಕಳು ಗಂಭೀರವಾಗಿ ಕಾಯಿಲೆ ಬಿದ್ದರೆ 12 ತಿಂಗಳಲ್ಲಿ 12 ವಾರ ರಜೆ. ಸಂಬಳ ಕೊಡಲೇಬೇಕೆಂದಿಲ್ಲ, ಆದರೆ ನೌಕರಿ ಉಳಿಯುತ್ತದೆ, ಆರೋಗ್ಯ ವಿಮೆಯೂ ನಿಲ್ಲುವುದಿಲ್ಲ. ತಾಯಿ ಬೇರೆ ದೇಶದಲ್ಲಿದ್ದರೆ ಆ ದೇಶದ ಡಾಕ್ಟರ ಕಾಗದವನ್ನೇ ಒಪ್ಪಬೇಕು. ಅಂದರೆ ನಮ್ಮೂರ ಡಾಕ್ಟರ ಸಹಿ ಅಲ್ಲಿ ನಡೆಯುತ್ತದೆ. ಆ ಸಹಿಗೆ ಸುಳ್ಳು ಹಚ್ಚಲೇ? ಸಿಕ್ಕಿಬಿದ್ದರೆ ಆ ಕಾನೂನೂ ನಿನ್ನ ಬೆನ್ನಿಗೆ ನಿಲ್ಲುವುದಿಲ್ಲ.

ಮದುವೆಗೆ ನಿನ್ನ ವೆಕೇಷನ್ ರಜೆ ಹಾಕು. ಎರಡನ್ನೂ ಕಲಸಬೇಡ. ಆದರೆ ಈ ಆರು ವಾರವನ್ನು ಅಳುಕದೆ ಪೂರ್ತಿ ತಗೋ. ಲ್ಯಾಪ್‌ಟಾಪ್ ತೆರೆದು ರಾತ್ರಿಯೆಲ್ಲ ಮೀಟಿಂಗಿಗೆ ಕೂರುವುದಾದರೆ ಅದು ರಜೆಯೇ ಅಲ್ಲ. ಉಳಿದ ಆರು ವಾರ ಹಾಗೇ ಇರಲಿ. ನನಗೂ ಬಿಪಿ ಇದೆ, ಯಾವಾಗ ಬೇಕಾಗುತ್ತದೋ.

ಇನ್ನೊಂದು. ಅತ್ತೆ, ಮಾವ ಆ ಕಾನೂನಿನಲ್ಲಿ ಸೇರಿಲ್ಲ. ನನಗೆ ಇದು ಸರಿ ಕಾಣಲಿಲ್ಲ. ನಿಮ್ಮ ಅತ್ತೆಗೆ ಏನಾದರೂ ಆದರೆ ರಜೆ ಹಾಕಬೇಕಾದವರು ಅಳಿಯಂದಿರು. ಈಗಲೇ ಇಬ್ಬರೂ ಮಾತಾಡಿಕೊಳ್ಳಿ.

ಡಾಕ್ಟರು ಆರು ವಾರ ಅಂತಲೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ. ಫೋಟೋ ಕಳಿಸಿದ್ದೇನೆ, ತಡಮಾಡದೆ ಆಫೀಸಿಗೆ ಕೊಡು. ಟಿಕೆಟ್ ಆದ ಕೂಡಲೇ ತಿಳಿಸು. ನೀನು ಬರುವ ದಿನ ತಲೆಬಾಗಿಲವರೆಗೆ ತಾನೇ ನಡೆದು ಬರುತ್ತೇನೆ ಅಂತ ಅಮ್ಮ ಹಟ ಹಿಡಿದಿದ್ದಾಳೆ.

ನಿನ್ನ ಅಪ್ಪ