ನಾಯಿ ಹಿಡಿದ ಜಾಗವನ್ನು ಬರೆದುಕೊಡಿ: ನಮ್ಮ ನಗರಸಭೆಯ ಪೌರಾಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರೇ,

ಊರಾಚೆಯ ಪ್ರಾಣಿ ಆಶ್ರಯಧಾಮದಲ್ಲಿ ಆರು ವರ್ಷಗಳಿಂದ ಸಂಬಳವಿಲ್ಲದೆ ದುಡಿಯುತ್ತಿರುವವರಲ್ಲಿ ನಾನೂ ಒಬ್ಬಳು. ತಮ್ಮ ಕಚೇರಿಗೆ ಮೂರು ಬಾರಿ ಮನವಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಒಂದಕ್ಕೂ ಉತ್ತರ ಬಾರದ ಕಾರಣ ಈಗ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಕೋರಿಕೆ ಒಂದೇ. ನಾಯಿಗಳನ್ನು ಹಿಡಿದು ನಮ್ಮಲ್ಲಿಗೆ ತರುವ ತಮ್ಮ ವಾಹನದವರು ಪ್ರತಿಯೊಂದು ನಾಯಿಯನ್ನೂ ಯಾವ ವಾರ್ಡಿನ ಯಾವ ಬೀದಿಯಲ್ಲಿ ಹಿಡಿದರೆಂದು ಬರೆದುಕೊಡಲಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ತಮಗೆ ನಾನು ವಿವರಿಸಬೇಕಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ರೇಬೀಸ್ ತಗುಲಿದ ಮತ್ತು ಮೇಲೆರಗುವ ನಾಯಿಗಳನ್ನು ಬಿಟ್ಟು ಉಳಿದವುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದ್ದೂ ಇದನ್ನೇ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಹಿಡಿದವನ್ನು ಅಲ್ಲಿಗೆ ಮರಳಿ ಬಿಡಬಾರದೆಂದು ಅದೇ ನವೆಂಬರ್‌ನಲ್ಲಿ ಆದೇಶವಾದ ಮೇಲಂತೂ, ಯಾವ ನಾಯಿ ಎಲ್ಲಿಯದೆಂದು ತಿಳಿಯದೆ ನಾವು ಒಂದನ್ನೂ ಹೊರಗೆ ಬಿಡುವಂತಿಲ್ಲ.

ಮಳೆಗಾಲದ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ತಮ್ಮ ವಾಹನ ಒಂಬತ್ತು ನಾಯಿಗಳನ್ನು ಇಳಿಸಿ ಹೋಯಿತು. ಅವುಗಳಲ್ಲಿದ್ದ ಒಂದು ಕಂದು ಬಣ್ಣದ ಹೆಣ್ಣುನಾಯಿಯ ಮೊಲೆಗಳು ಬಿಗಿದು ಹಾಲು ಜಿನುಗುತ್ತಿತ್ತು. ಮರಿಗಳು ಎಲ್ಲೋ ಉಳಿದಿವೆಯೆಂದು ತಿಳಿಯಲು ವೈದ್ಯರು ಬೇಕಿರಲಿಲ್ಲ. ಚಾಲಕನಿಗೆ ಫೋನ್ ಮಾಡಿದರೆ, “ಬಸ್ ಸ್ಟ್ಯಾಂಡ್ ಕಡೆ ಇರ್ಬೇಕು ಮೇಡಂ, ಇಲ್ಲಾಂದ್ರೆ ಸಂತೆಮಾಳ” ಎಂದ. ನಾನೂ ನನ್ನ ಮಗನೂ ಟಾರ್ಚ್ ಹಿಡಿದು ಎರಡು ರಾತ್ರಿ ಚರಂಡಿ, ಪೊದೆಗಳನ್ನೆಲ್ಲ ತಡಕಿದೆವು. ಮೂರನೆಯ ಬೆಳಿಗ್ಗೆ ಸಂತೆಮಾಳದ ಹಿಂದಿನ ಮೋರಿಯ ಪೈಪಿನೊಳಗೆ ನಾಲ್ಕು ಮರಿಗಳು ಸಿಕ್ಕವು. ಜೀವವಿದ್ದದ್ದು ಒಂದಕ್ಕೆ ಮಾತ್ರ. ಅದನ್ನು ತಂದು ಮುಂದಿಟ್ಟಾಗ ತಾಯಿ ಅದರ ಮೈಯ ಕೆಸರನ್ನೆಲ್ಲ ನೆಕ್ಕಿ ತೆಗೆದು, ಉಳಿದವನ್ನೂ ತರುತ್ತೇವೆಂಬಂತೆ ನನ್ನ ಕೈಯನ್ನೇ ನೋಡುತ್ತಾ ನಿಂತಿತು. ಹಿಡಿದ ಜಾಗವನ್ನು ಬರೆದಿದ್ದರೆ ನಾವು ಅದೇ ರಾತ್ರಿ ಅಲ್ಲಿಗೆ ಹೋಗುತ್ತಿದ್ದೆವು. ಒಂದೇ ಒಂದು ಸಾಲು, ಸ್ವಾಮಿ! ಅಷ್ಟನ್ನು ಬರೆಯಲು ತಮ್ಮವರಿಗೆ ಏನು ಅಡ್ಡಿ?

ಎಲ್ಲಿಯವೆಂದು ತಿಳಿಯದ ನಾಯಿಗಳು ಹೀಗೆ ಉಳಿದುಕೊಂಡೇ, ನಲವತ್ತಕ್ಕೆಂದು ಕಟ್ಟಿದ ಜಾಗದಲ್ಲಿ ಇಂದು ನೂರಕ್ಕೂ ಹೆಚ್ಚು ಸೇರಿವೆ. ಶಸ್ತ್ರಚಿಕಿತ್ಸೆಯಾದವನ್ನು ಹೊಲಿಗೆ ಮಾಯುವವರೆಗೆ ಪ್ರತ್ಯೇಕವಾಗಿಡಲು ಗೂಡುಗಳು ಖಾಲಿಯಿಲ್ಲ. ಹಾಗಾಗಿ ಹೊಸ ಶಸ್ತ್ರಚಿಕಿತ್ಸೆಗಳು ನಿಂತಿವೆ, ಬೀದಿಯಲ್ಲಿ ಮರಿ ಹಾಕುವುದು ನಿಂತಿಲ್ಲ. ನಾಯಿ ಕಚ್ಚಿಸಿಕೊಂಡ ಮಕ್ಕಳ ತಾಯಂದಿರು ನಮ್ಮ ಗೇಟಿಗೆ ಬಂದು ಬೈಯುತ್ತಾರೆ. ಅವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ.

ಹಿಡಿದ ಜಾಗ ಬರೆದ ಚೀಟಿಯಿಲ್ಲದ ನಾಯಿಯನ್ನು ಇಳಿಸಿಕೊಳ್ಳುವುದಿಲ್ಲ ಎನ್ನುವಷ್ಟು ಗಟ್ಟಿ ಮನಸ್ಸು ನಮಗಿಲ್ಲ, ಅದು ತಮ್ಮ ಸಿಬ್ಬಂದಿಗೂ ಗೊತ್ತಿದೆ. ನಮೂನೆಯ ಪುಸ್ತಕಗಳನ್ನು ನಾವೇ ಅಚ್ಚು ಹಾಕಿಸಿ ತಮ್ಮ ಆರೋಗ್ಯ ಶಾಖೆಗೆ ಕೊಟ್ಟು ಏಳು ತಿಂಗಳಾಯಿತು. ಕಟ್ಟು ಬಿಚ್ಚಿಸಿ, ಒಂದನ್ನು ವಾಹನದಲ್ಲಿ ಇಡಿಸಿ. ನಾಯಿ ಹಿಡಿದ ಜಾಗವನ್ನು ಅದರಲ್ಲಿ ಬರೆಸಿ.

ಇಂತಿ,
ಆಶ್ರಯಧಾಮದ ಒಬ್ಬ ಸ್ವಯಂಸೇವಕಿ