ಬೀರೂರಿನಿಂದ ಮುಂದೆ

ಸೀನ,

ಇದನ್ನು ನಿನ್ನ ವಾಟ್ಸಾಪಿಗೇ ಹಾಕಬಹುದಿತ್ತು. ಆದರೆ ಅಲ್ಲಿ ಏನು ಹಾಕಿದರೂ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಊರವರೆಲ್ಲ ಓದುವ ಕಡೆ ಬರೆದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ ಅಂತ ಇಲ್ಲಿ ಬರೆಯುತ್ತಿದ್ದೇನೆ. ಓದಲು ಬಂದ ಉಳಿದವರೂ ಕೂತ್ಕೊಳ್ಳಿ, ಕಾಫಿ ಇದೆ. ಉಪ್ಪಿಟ್ಟು ಕಮಿಟಿಯವರಿಗೆ ಮಾತ್ರ ಹಿಂದಿನ ಬೆಂಚು.

ವಿಷಯ ನಮ್ಮ ಇಪ್ಪತ್ನಾಲ್ಕು ದಿನದ ಟೂರು. ನೀನು ಕಳಿಸಿದ ಪಟ್ಟಿ ನೋಡಿದೆ. ಹಿಮಾಚಲದ ಸ್ಪಿತಿ, ಉತ್ತರಾಖಂಡದ ಹೂಗಳ ಕಣಿವೆ, ಕಛ್‌ನ ಬಿಳಿ ರಣ್, ಮೇಘಾಲಯದ ಬೇರಿನ ಸೇತುವೆ, ಟೈಮಿದ್ದರೆ ಜೈಸಲ್ಮೇರ್. ಮಾರಾಯ, ಇದು ಮದುವೆ ಮನೆ ಎಲೆ ಕಣೋ. ಎಲ್ಲಾ ಬಡಿಸಿದ್ದಾರೆ, ಒಂದನ್ನೂ ನೆಮ್ಮದಿಯಾಗಿ ತಿನ್ನೋಕಾಗಲ್ಲ. ಮಗಳ ಅಟ್ಲಾಸ್ ತಗೊಂಡು ಪೆನ್ಸಿಲಲ್ಲಿ ಗೆರೆ ಎಳೆದು ನೋಡಿದೆ. ಕೋಳಿ ಕೆದಕಿದ ಹಾಗಿತ್ತು. ಅವಳ ಕೈಲಿ ಬೈಸಿಕೊಂಡು ಅಳಿಸಿದ್ದೂ ಆಯಿತು.

ನನಗೆ ಬಿಡುವಿರುವುದು ಅಕ್ಟೋಬರ್ ಒಂದೇ. ನವೆಂಬರ್ ಬಂತು ಅಂದರೆ ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣು, ಆಮೇಲೆ ರೋಬಸ್ಟಾ, ಅದು ಕಣದಿಂದ ಏಳುವಷ್ಟರಲ್ಲಿ ಕಾಫಿ ಹೂವು ಅರಳಿಸುವ ಹೂಮಳೆಗೆ ಆಕಾಶ ನೋಡುತ್ತ ಕೂರುವ ಕೆಲಸ. ಅಕ್ಟೋಬರಿನಲ್ಲಿ ಹೂಗಳ ಕಣಿವೆಗೆ ಹೋದರೆ ಕಣಿವೆ ಇರುತ್ತದೆ, ಹೂವಿರುವುದಿಲ್ಲ. ಅಲ್ಲಿ ಹೂವು ತುಂಬುವುದು ಜುಲೈ, ಆಗಸ್ಟಿನಲ್ಲಿ. ಬಿಳಿ ರಣ್‌ನಲ್ಲಿ ಮಳೆಗಾಲದ ನೀರು ಆರಿ ಉಪ್ಪು ಬೆಳ್ಳಗಾಗಬೇಕಾದರೆ ಚಳಿಗಾಲವೇ ಬರಬೇಕು. ಸ್ಪಿತಿಯಲ್ಲಿ ಅಷ್ಟು ಹೊತ್ತಿಗೆ ಹಿಮ ಬಿದ್ದು ಕುಂಜುಮ್ ಪಾಸ್ ಯಾವತ್ತು ಮುಚ್ಚುತ್ತದೆ ಅಂತ ಹೇಳೋಕಾಗಲ್ಲ. ಮೇಘಾಲಯಕ್ಕೆ ತಿಂಗಳೇನೋ ಸರಿ, ಆದರೆ ಅದು ದೇಶದ ಇನ್ನೊಂದು ಮೂಲೆ. ಒಂದೊಂದು ಜಾಗಕ್ಕೂ ಅದರದ್ದೇ ತಿಂಗಳಿದೆ ಸೀನ. ನೀನು ಫೋಟೋ ನೋಡಿ ಪಟ್ಟಿ ಮಾಡಿದ್ದೀಯ. ಫೋಟೋಗೆ ತಿಂಗಳಿರುವುದಿಲ್ಲ.

ನಮ್ಮ ಚಿಕ್ಕಮಗಳೂರು ಕಡೆಗೆ ಬರುವವರನ್ನು ನೋಡಿಯೇ ನನಗೆ ಬುದ್ಧಿ ಬಂದಿದ್ದು. ಶನಿವಾರ ಬೆಳಿಗ್ಗೆ ಕೈಮರ ಚೆಕ್‌ಪೋಸ್ಟಿನಲ್ಲಿ ಕಾರುಗಳ ಸಾಲು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಝರಿ ಫಾಲ್ಸ್, ಹಿರೇಕೊಳಲೆ ಕೆರೆ, ಭಾನುವಾರ ಬೇಲೂರು, ಹಳೇಬೀಡು ಮುಗಿಸಿ ರಾತ್ರಿ ಬೆಂಗಳೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಗೆ ಇವರು ಕೊಡುವುದು ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಚಪ್ಪಲಿ ಹುಡುಕೋಕೆ. ಇದನ್ನೇ ನಾವು ಇಪ್ಪತ್ನಾಲ್ಕು ದಿನ ಎಳೆದು ಮಾಡಿದರೆ ಅದು ಟೂರಲ್ಲ, ಟಪಾಲು.

ಅದಕ್ಕೆ ನನ್ನ ಪಟ್ಟಿ. ಒಂದೂರಲ್ಲಿ ಮೂರು ರಾತ್ರಿ ಚಾಪೆ ಹಾಸುವುದು, ಸುತ್ತಲಿನದನ್ನು ಅಲ್ಲಿಂದಲೇ ಹೋಗಿ ನೋಡಿ ಬರುವುದು. ದಿನಾ ಬ್ಯಾಗು ಕಟ್ಟುವ ವಯಸ್ಸು ನಮ್ಮದಲ್ಲ, ನಿನ್ನ ಸೊಂಟ ಕೇಳು. ಮೊದಲು ಬಾದಾಮಿ. ಪಟ್ಟದಕಲ್ಲು, ಐಹೊಳೆ ಎರಡೂ ಅಲ್ಲೇ ಪಕ್ಕ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಒಂದು ಸಂಜೆ ಪೂರ್ತಿ ಕೂರಬೇಕು, ಏನೂ ಮಾಡದೆ. ಅಲ್ಲಿಂದ ರೈಲಲ್ಲಿ ವಿಜಯಪುರ. ಆಮೇಲೆ ಸೊಲ್ಲಾಪುರದ ಮೇಲೆ ಹಾದು ಎಲ್ಲೋರಾ.

ಈ ಸಾಲನ್ನು ಮಾತ್ರ ತಿರುಗಾಮುರುಗಾ ಮಾಡಬೇಡ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಗೊತ್ತಲ್ಲ, ಚಾಲುಕ್ಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಿದ್ದಕ್ಕೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅದನ್ನು ನೋಡಿಕೊಂಡೇ ಎಲ್ಲೋರಾದ ಕೈಲಾಸ ಮಾಡಿದರು ಅಂತ ಬಲ್ಲವರು ಹೇಳುತ್ತಾರೆ. ಅದು ನಮ್ಮ ರಾಷ್ಟ್ರಕೂಟರ ಕಾಲದ್ದು, ಒಂದನೇ ಕೃಷ್ಣನದು. ವ್ಯತ್ಯಾಸ ಇಷ್ಟೇ: ಪಟ್ಟದಕಲ್ಲಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕೆಳಗಿಂದ ಮೇಲಕ್ಕೆ ಹೋದರು. ಎಲ್ಲೋರಾದಲ್ಲಿ ಗುಡ್ಡದ ನೆತ್ತಿಯಿಂದ ಕಡಿಯುತ್ತ ಕೆಳಕ್ಕೆ ಬಂದರು. ಮೊದಲು ಶಿಖರ, ಕೊನೆಗೆ ಮೆಟ್ಟಿಲು. ಒಂದು ಕಡೆ ಉಳಿ ಜಾರಿದರೆ ಹೊಸ ಕಲ್ಲು ತಂದು ಇಡುವ ಹಾಗಿಲ್ಲ. ಮೊದಲು ಇದು, ಆಮೇಲೆ ಅದು. ಹಿಂದುಮುಂದಾಗಿ ನೋಡಿದರೆ ಪಟ್ಟದಕಲ್ಲು ಸಣ್ಣದಾಗಿ ಕಾಣುತ್ತೆ, ಪಾಪ.

ಪ್ರಕೃತಿ ಬೇಕು ಅಂದೆಯಲ್ಲ, ಮಹಾರಾಷ್ಟ್ರದ ಲೋಣಾರ್ ಹಾಕಿದ್ದೇನೆ. ಉಲ್ಕೆ ಬಿದ್ದು ಆದ ಗುಂಡಿ, ಸುಮಾರು 1.8 ಕಿಲೋಮೀಟರ್ ಅಗಲ, ಅದರ ತಳದಲ್ಲಿ ಕೆರೆ. ನೀರು ಉಪ್ಪುಪ್ಪು, ಸೋಪಿನ ಹಾಗೆ ಕ್ಷಾರ. 2020ರ ಜೂನ್‌ನಲ್ಲಿ, ನಾವೆಲ್ಲ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಅದು ಇದ್ದಕ್ಕಿದ್ದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ನೀರು ಇಳಿದು ಉಪ್ಪು ಜಾಸ್ತಿಯಾದಾಗ ಆ ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳ ಬಣ್ಣವಂತೆ. ನಾವು ಹೋದಾಗ ಹಸಿರೇ ಇದ್ದರೆ ನನ್ನ ಮೇಲೆ ಹಾರಬೇಡ. ಜಬಲ್‌ಪುರದ ಹತ್ತಿರ ಭೇಡಾಘಾಟ್ ಇದೆ, ಬಿಳಿ ಅಮೃತಶಿಲೆಯ ಗೋಡೆಗಳ ನಡುವೆ ನರ್ಮದೆ. ಮಳೆಗಾಲದಲ್ಲಿ ಅಲ್ಲಿ ದೋಣಿ ಬಿಡುವುದಿಲ್ಲ, ಅದಕ್ಕೇ ಅದನ್ನು ತಿಂಗಳ ಕೊನೆಗೆ ತಳ್ಳಿದ್ದೇನೆ. ಕೊನೆಗೆ ಕಾಶಿ. ಕಾಶಿ ಯಾಕೆ ಅಂತ ಕೇಳಬೇಡ, ಅಮ್ಮ ಗಂಗಾಜಲ ತರೋಕೆ ಹೇಳಿದ್ದಾಳೆ.

ಭೋಪಾಲಕ್ಕೆ ಮಾತ್ರ ನಾಲ್ಕು ರಾತ್ರಿ. ಸಾಂಚಿ ಒಂದು ದಿಕ್ಕಿಗೆ, ಭೀಮ್‌ಬೇಟ್ಕಾ ಇನ್ನೊಂದು ದಿಕ್ಕಿಗೆ, ಎರಡೂ ಹೆಚ್ಚುಕಮ್ಮಿ ನಲವತ್ತೈದು ಕಿಲೋಮೀಟರ್. ಭೀಮ್‌ಬೇಟ್ಕಾ ಅಂದರೆ ಆದಿಮಾನವರು ಚಿತ್ರ ಬರೆದ ಕಲ್ಲಾಸರೆಗಳು. 1957ರಲ್ಲಿ ವಾಕಣ್ಕರ್ ಅನ್ನುವವರು ರೈಲಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಆ ಬಂಡೆಗಳು ಕಂಡು, ಇಲ್ಲೇನೋ ಇದೆ ಅನ್ನಿಸಿ, ಆಮೇಲೆ ಹುಡುಕಿಕೊಂಡು ಹೋಗಿದ್ದಂತೆ. ರೈಲಿನ ಕಿಟಕಿಯಿಂದ! ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಪಟ್ಟಿಯನ್ನು ನಾನು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ. ಮೊನ್ನೆ ನಮ್ಮನೆಯವಳು ಅದನ್ನು ಎತ್ತಿಕೊಂಡು ಜೋರಾಗಿ ಓದಿದಳು. ಓದುತ್ತಾ ಓದುತ್ತಾ ನಿಂತಳು. "ಇದೇನ್ರೀ, ಹೋಗೋದಕ್ಕಿಂತ ಬರೋದೇ ಜಾಸ್ತಿ ಬರೆದಿದೀರಲ್ಲ?"

ನೋಡಿದರೆ ಹೌದು. ಪ್ರತಿ ಊರಿನ ಪಕ್ಕದಲ್ಲೂ ಕೆಂಪು ಪೆನ್ನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೇನೆ. ಬಾದಾಮಿ: ವಾಪಸ್ ಒಂದು ರಾತ್ರಿ. ಭೋಪಾಲ: ವಾಪಸ್ ಒಂದೂವರೆ ದಿನ, ವಿಮಾನವಾದರೆ ಅದೇ ದಿನ. ಕಾಶಿ: ವಾಪಸ್ ಎರಡು ದಿನ, ಅದರ ಕೆಳಗೆ ಎರಡು ಗೆರೆ. ನಿನ್ನ ಸ್ಪಿತಿ, ಮೇಘಾಲಯ ಬೇಡ ಅಂದಿದ್ದಕ್ಕೆ ತಿಂಗಳಿನ ಕಾರಣ ಕೊಟ್ಟೆನಲ್ಲ, ಅದು ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಅವುಗಳ ಪಕ್ಕದಲ್ಲಿ ಬರೆಯೋಕೆ ಸಣ್ಣ ಸಂಖ್ಯೆ ಸಿಕ್ಕಿರಲಿಲ್ಲ.

ತೋಟದ ನೆಪ ಹೇಳೋಣ ಅಂದರೆ ಅದೂ ಹೋಯಿತು. ಇಪ್ಪತ್ನಾಲ್ಕು ದಿನ ಇರಲ್ಲ ಅಂತ ಮೇಸ್ತ್ರಿಗೆ ಹೇಳಿದೆ. ಅವನು ಗಾಬರಿಯಾಗುತ್ತಾನೆ, ಬೇಡ ಅನ್ನುತ್ತಾನೆ ಅಂತ ಒಳಗೊಳಗೇ ಕಾಯುತ್ತಿದ್ದೆ. ಅವನು ಎಲೆಅಡಿಕೆ ಉಗಿದು, "ಹೋಗ್ಬನ್ನಿ ಅಯ್ಯಾ. ನೀವಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ" ಅಂದ. ಸಮಾಧಾನಕ್ಕೆ ಹೇಳಿದ್ದು, ಪಾಪ. ನನಗೆ ಎರಡು ದಿನ ಅವನ ಮುಖ ನೋಡೋಕೆ ಸಿಟ್ಟು. ಕಸಿ, ಗೊಬ್ಬರ, ಕಾಂಡ ಕೊರೆಯುವ ಬೋರರ್ ಹುಳ, ಆನೆ, ಹೂಮಳೆ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದೇನೆ. ತೋಟ ನನ್ನನ್ನು ಹಿಡಿದುಕೊಂಡಿದೆ ಅಂದುಕೊಂಡಿದ್ದೆ. ಅದು ಯಾವತ್ತೋ ಕೈಬಿಟ್ಟಿದೆ ಕಣೋ, ಹಿಡಿದುಕೊಂಡಿರೋನು ನಾನು.

2003ರ ಜೂನ್ ನೆನಪಿದೆಯಾ? ನೀನು ಪುಣೆಯಲ್ಲಿ ರೂಮು ಮಾಡಿ, ನನಗೂ ಒಂದು ಚಾಪೆ ಕೊಂಡಿಟ್ಟು ಕಾಯುತ್ತಿದ್ದೆ. ಅಪ್ಪ ಬಿಡಲಿಲ್ಲ ಅಂತ ನಾನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

ಅಪ್ಪ ಬಿಟ್ಟಿದ್ದರು ಸೀನ. ಎರಡು ಸಾವಿರ ರೂಪಾಯಿ ಕೊಟ್ಟು, ನಿನಗೆ ಅಂತ ಅರ್ಧ ಕೆಜಿ ಕಾಫಿಪುಡಿಯನ್ನು ಎರಡು ಕವರಿನಲ್ಲಿ ಕಟ್ಟಿ ಕಳಿಸಿದ್ದರು. ಆಗ ಚಿಕ್ಕಮಗಳೂರಿಗೆ ರೈಲಿರಲಿಲ್ಲ, ಅದು ಬಂದಿದ್ದು 2013ರಲ್ಲಿ. ಬಸ್ಸಲ್ಲಿ ಬೀರೂರಿಗೆ ಹೋದೆ. ಆಲ್ದೂರಿನಲ್ಲಿ ಧೋ ಅಂತ ಮಳೆ, ಬೀರೂರಿನಲ್ಲಿ ಬಿಸಿಲು. ಒದ್ದೆ ಕೊಡೆ ಹಿಡಿದುಕೊಂಡು ಬಿಸಿಲಲ್ಲಿ ಬೆಂಚಿನ ಮೇಲೆ ಕೂತಿದ್ದೆ, ಕೊಡೆಯಿಂದ ನೀರು ತೊಟ್ಟಿಕ್ಕಿ ಕಾಲಡಿಯಲ್ಲಿ ಒಂದು ಸಣ್ಣ ಮಡು. ರೈಲು ಬಂತು. ಬೋಗಿ ಎಣಿಸಿದೆ. ಹದಿನೇಳೋ ಹದಿನೆಂಟೋ, ಎರಡನೇ ಸಲ ಎಣಿಸುವಷ್ಟರಲ್ಲಿ ಹೊರಟಿತು. ಆ ಮಡು ಆರುವವರೆಗೂ ಕೂತಿದ್ದು, ಚಿಕ್ಕಮಗಳೂರು ಬಸ್ ಹತ್ತಿದೆ.

ಮನೆಗೆ ಬಂದು ಅಪ್ಪನಿಗೆ ಏನು ಹೇಳಿದೆ ಗೊತ್ತಾ? ಸೀನ ಈಗ ಬರಬೇಡ ಅಂದ, ಅಲ್ಲಿ ಕೆಲಸ ಇಲ್ಲವಂತೆ ಅಂತ. ನಿನಗೆ ಅಪ್ಪನ ಮೇಲೆ ಹಾಕಿದೆ, ಅಪ್ಪನಿಗೆ ನಿನ್ನ ಮೇಲೆ ಹಾಕಿದೆ. ನನ್ನ ಮದುವೆಯಲ್ಲಿ ನೀವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಅವರನ್ನು ನೀನು ಹಿಟ್ಲರ್ ಅನ್ನುತ್ತಿದ್ದೆ, ನಾನೂ ನಗುತ್ತಿದ್ದೆ. ಅಪ್ಪನ ತಿಥಿಗೆ ಬಂದವನು ಫೋಟೋದ ಮುಂದೆ ತುಂಬ ಹೊತ್ತು ನಿಂತಿದ್ದೆಯಲ್ಲ, ಆಗ ಹೇಳಬೇಕಿತ್ತು. ಎಲೆ ಹಾಕಿದ್ದಾರೆ ಬಾ ಊಟಕ್ಕೆ ಅಂದೆ.

ಆ ಕಾಫಿಪುಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟೆ. ಯಾರು ಅಂತ ನೆನಪಿಲ್ಲ.

ಇದನ್ನು ಬರೆಯೋಣ ಅಂತ ಕೂತಿದ್ದಲ್ಲ. ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಾಕ್ಕೆ ಮಂಗಳವಾರ ರಜೆ, ಹಾಗಾಗಿ ಅಲ್ಲಿಗೆ ಬುಧವಾರ ಮುಟ್ಟಬೇಕು ಅಂತ ಬರೆಯೋಕೆ ಕೂತಿದ್ದು. ಅಜಂತಾಕ್ಕೆ ಸೋಮವಾರ ರಜೆ. ಎಲ್ಲೋರಾಕ್ಕೆ ಮಂಗಳವಾರ. ಬುಧವಾರ ಮುಟ್ಟಬೇಕು. ಆಯ್ತಾ?

ಓದುತ್ತಿರುವ ಉಳಿದವರು ದಯವಿಟ್ಟು ಇದನ್ನು ಆಲ್ದೂರಿನ ಗ್ರೂಪಿಗೆ ಹಾಕಬೇಡಿ. ಅಮ್ಮ ಆ ಗ್ರೂಪಿನಲ್ಲಿದ್ದಾಳೆ, ಇತ್ತೀಚೆಗೆ ಹೆಬ್ಬೆಟ್ಟು ಒತ್ತೋದೂ ಕಲಿತಿದ್ದಾಳೆ. ಇನ್ನು ಉಪ್ಪಿಟ್ಟು ಕಮಿಟಿ ನನ್ನನ್ನು ಉಚ್ಚಾಟನೆ ಮಾಡುವುದಾದರೆ ಮಾಡಲಿ, ಬಾಕಿ ಇರುವ ಮೂವತ್ತೈದು ರೂಪಾಯಿ ಮೊದಲು ವಾಪಸ್ ಕೊಡಲಿ.

ನೀನು ಬೈಯುತ್ತೀಯ, ಗೊತ್ತು. ಬೈ. ಆದರೆ ವಿಜಯಪುರ ದಾಟಿದ ಮೇಲೆ ಶುರು ಮಾಡು. ಗೋಲಗುಮ್ಮಟದಲ್ಲಿ ಬೈದರೆ ಅದು ಏಳು ಸಲ ಕೇಳಿಸುತ್ತೆ, ಶಾಲಾ ಮಕ್ಕಳು ಬೇರೆ ಇರ್ತಾರೆ.

ಕ್ಯಾಲೆಂಡರಿನ ಆ ಕೆಂಪಕ್ಷರಗಳನ್ನು ಅಳಿಸೋಕೆ ನೋಡಿದೆ, ಪೆನ್ನು ಹೋಗಲಿಲ್ಲ. ಪಟ್ಟಿಯನ್ನು ಬೇರೆ ಹಾಳೆಗೆ ಇಳಿಸಿದ್ದೇನೆ. ಕಾಶಿಯದ್ದೊಂದು ಹಾಗೇ ಬಂದುಬಿಟ್ಟಿದೆ, ಇರಲಿ.

ನೀನು ಬೆಂಗಳೂರಲ್ಲಿ ರೈಲು ಹತ್ತು. ನಾನು ಬೀರೂರಲ್ಲಿ ಹತ್ತುತ್ತೇನೆ. ಕಡೂರು ನಮಗೆ ಹತ್ತಿರ ಅಂತ ಮನೆಯವಳು ಹೇಳುತ್ತಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ. ರೈಲು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಟೀ ಕುಡಿಯೋಕೆ ಇಳಿದುಬಿಡಬೇಡ, ಬಾಗಿಲಲ್ಲೇ ನಿಂತಿರು. ನಾನು ಬೋಗಿ ಎಣಿಸುತ್ತಾ ನಿಂತಿದ್ದರೆ ಜೋರಾಗಿ ಕೂಗು.

ನಿನ್ನ,
ಮೂರನೇ ಟಿಕೆಟ್

ಮರೆತಿದ್ದೆ: ಅರ್ಧ ಕೆಜಿ ಪುಡಿ ತರುತ್ತೇನೆ. ಎರಡು ಕವರಲ್ಲಿ.