ಆಯ್ಕೆ ಸರಿಯಾಯಿತಾ? ಮೂರು ವರ್ಷ ಬಿಟ್ಟು ಹೇಳಿ

ಮಾನ್ಯ ಸಂಪಾದಕರೆ,

ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಯಾವ ತಂಡ ಒಳ್ಳೆಯ ಹುಡುಗರನ್ನು ಆರಿಸಿತು ಅಂತ ಮರುದಿನವೇ ಅಂಕ ಕೊಟ್ಟುಬಿಟ್ಟಿದ್ದಾರೆ. ಇನ್ನೂ ಒಂದು ಪಂದ್ಯವನ್ನೂ ಆಡದ ಹುಡುಗರಿಗೆ ಇಷ್ಟು ಬೇಗ ಅಂಕ ಯಾಕೆ? ಕಲಬುರಗಿಯಲ್ಲಿ 26 ವರ್ಷ ದೈಹಿಕ ಶಿಕ್ಷಕನಾಗಿ ಮಕ್ಕಳನ್ನು ಆರಿಸಿದವನು ನಾನು. ಅದಕ್ಕೇ ಈ ಪತ್ರ.

ಚೆಂಡು ಎಸೆದು ತಂಡವನ್ನು ಆಡಿಸುವ ಆಟಗಾರ ಪೇಟನ್ ಮ್ಯಾನಿಂಗ್ 1998ರ ಡ್ರಾಫ್ಟ್‌ನಲ್ಲಿ ಮೊದಲನೆಯವರು. ಆ ವರ್ಷ ಅವರ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ 16 ಪಂದ್ಯಗಳಲ್ಲಿ ಗೆದ್ದಿದ್ದು ಮೂರೇ ಮೂರು. ಮ್ಯಾನಿಂಗ್ ಎಸೆದ 28 ಚೆಂಡುಗಳು ಎದುರಾಳಿಗಳ ಕೈ ಸೇರಿದವು. ಆಗಲೇ ಫೇಲ್ ಅಂದಿದ್ದರೆ? ಮುಂದಿನ ವರ್ಷ ಅದೇ ತಂಡ 13 ಪಂದ್ಯ ಗೆದ್ದಿತು. ಅವರ ಹಿಂದೆಯೇ ಎರಡನೆಯವರಾಗಿ ಹೋದ ರಯಾನ್ ಲೀಫ್ 2002ರ ಹೊತ್ತಿಗೆ ಆಟವನ್ನೇ ಬಿಟ್ಟರು. ಡ್ರಾಫ್ಟ್‌ಗೆ ಮುಂಚೆ ಇಬ್ಬರಲ್ಲಿ ಯಾರು ಮೇಲು ಅಂತ ಜೋರು ವಾದ ನಡೆದಿತ್ತು. ಇನ್ನು 2000ರಲ್ಲಿ 199ನೆಯವರಾಗಿ ಬಂದು ಏಳು ಸೂಪರ್ ಬೌಲ್ (ಆ ಆಟದ ವಾರ್ಷಿಕ ಫೈನಲ್) ಗೆದ್ದ ಟಾಮ್ ಬ್ರಾಡಿ ವಿಷಯ ಎಲ್ಲರಿಗೂ ಗೊತ್ತೇ ಇದೆ.

ಜನ ಮರೆಯುವ ಮಾತು ಒಂದಿದೆ. ಈ ಡ್ರಾಫ್ಟ್ ಪದ್ಧತಿಯಲ್ಲಿ ಹಿಂದಿನ ವರ್ಷ ಎಲ್ಲರಿಗಿಂತ ಜಾಸ್ತಿ ಸೋತ ತಂಡಕ್ಕೇ ಮೊದಲ ಸರದಿ. ಅಂದರೆ ಒಳ್ಳೆಯ ಹುಡುಗ ಸೇರುವುದು ದುರ್ಬಲ ತಂಡಕ್ಕೆ. ಅವನನ್ನು ಎದುರಾಳಿಗಳಿಂದ ಕಾಪಾಡುವವರಿಲ್ಲ, ಅವನ ಚೆಂಡು ಹಿಡಿಯುವವರಿಲ್ಲ. ಸೋತರೆ ಬೈಗುಳ ಮಾತ್ರ ಅವನ ತಲೆಗೆ.

ಇದು ನನಗೆ ಇಲ್ಲೇ, ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಗೊತ್ತಾಯಿತು. 2009ರಲ್ಲಿ ನಮ್ಮ ಕಾಲ್ಚೆಂಡು ತಂಡದ ಆಯ್ಕೆ ದಿನ ನನ್ನ ಡೈರಿಯಲ್ಲಿ ಮೊದಲು ಬರೆದಿದ್ದು ಒಬ್ಬ ಎತ್ತರದ ಹುಡುಗನ ಹೆಸರು. ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಮುಂದೆ ನಿಲ್ಲಿಸಿದೆ. ಆದರೆ ಹಿಂದಿನಿಂದ ಅವನ ಕಾಲಿಗೆ ಚೆಂಡು ತಲುಪಿಸುವವರು ನಮ್ಮ ತಂಡದಲ್ಲಿ ಇರಲೇ ಇಲ್ಲ. ಎರಡು ವರ್ಷ ಸುಮ್ನೆ ಓಡಿ ಓಡಿ ಬೇಸತ್ತು ಬರುವುದನ್ನೇ ನಿಲ್ಲಿಸಿದ. ಅದೇ ಪುಟದ ಕೆಳಗೆ ಇನ್ನೊಂದು ಹೆಸರಿಗೆ ಅಡ್ಡಗೆರೆ ಎಳೆದಿದ್ದೇನೆ. ಪಕ್ಕದಲ್ಲಿ 'ಗಿಡ್ಡ, ನಿಧಾನ' ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಆಳಂದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಬರಿಗಾಲಲ್ಲಿ ಆಡಿದ ಹುಡುಗ. ತಲೆ ಎತ್ತಿ ನೋಡಿಯೇ ಪಾಸ್ ಕೊಡುತ್ತಿದ್ದ. ಅದನ್ನು ನಾನು ಕಂಡಿದ್ದೆ, ಆದರೆ ಬರೆದುಕೊಳ್ಳಲಿಲ್ಲ. ಮುಂದೆ ಅವನು ಕಾಲೇಜು ತಂಡದ ನಾಯಕನಾದ. ಇಬ್ಬರೂ ಒಂದೇ ತಂಡದಲ್ಲಿ ಇರಬೇಕಿತ್ತು ಅಲ್ವಾ? ಆ ಪುಟ ತೆರೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಜಿಲ್ಲಾ ತಂಡಗಳಿಗೆ ಆಯ್ಕೆಯಾದ ಮಕ್ಕಳ ಪಟ್ಟಿಯನ್ನು ಪ್ರತಿ ವರ್ಷ ಹಾಕುತ್ತೀರಿ. ಮೂರು ವರ್ಷದ ಹಿಂದಿನ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಹಾಕಿ. ಯಾರು ಇನ್ನೂ ಆಡುತ್ತಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು, ಅವರಿಗೆ ತರಬೇತಿ ಕೊಟ್ಟವರು ಯಾರು ಅಂತ ಕೇಳಿ ಬರೆಯಿರಿ. ನನ್ನ ಡೈರಿಗಳೆಲ್ಲ ಮನೆಯಲ್ಲೇ ಇವೆ. ಬೇಕೆಂದರೆ ಕಚೇರಿಗೆ ತಂದುಕೊಡುತ್ತೇನೆ.

ನಿವೃತ್ತ ದೈಹಿಕ ಶಿಕ್ಷಕ, ಕಲಬುರಗಿ